ಹದಿನೇಳನೆಯ ಮುಚ್ಚಳ

ನಮ್ಮ ಓಣಿಯ ತೊಟ್ಟಿ ಸದ್ದು ನಿಲ್ಲಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ. ಅದಕ್ಕೊಂದು ಸದ್ದಿತ್ತು ಎಂಬುದನ್ನೇ ನಾವು ಮರೆತಿದ್ದೆವು. ಅನ್ನ ಕುದಿಯುವಾಗ ಮುಚ್ಚಳದಡಿಯಿಂದ ಬರುವಂಥ ತಗ್ಗಿದ ಗುಳುಗುಳು. ಆರು ವರ್ಷಗಳಿಂದ ಹಗಲೂ ರಾತ್ರಿ ಅದು ನಮ್ಮ ಮಾತುಗಳ ಕೆಳಗೆ ಹರಿಯುತ್ತಲೇ ಇತ್ತು. ನಿಂತಾಗ ಜನ ಮನೆಗಳಿಂದ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದರು. ಏನು ಕಳೆದುಹೋಯಿತೆಂದು ಯಾರಿಗೂ ತಕ್ಷಣ ಹೇಳಲಾಗಲಿಲ್ಲ.

ದೊಡ್ಡ ತಂತಿಯ ವಿದ್ಯುತ್ತು ಈಗ ಕಾರ್ಖಾನೆಗಳಿಗೆ, ಆಸ್ಪತ್ರೆಗಳಿಗೆ, ರೈಲಿಗೆ ಮಾತ್ರ. ಮನೆಗಳು ತಮ್ಮ ಬೆಳಕನ್ನು ತಮ್ಮ ಕಸದಿಂದಲೇ ಮಾಡಿಕೊಳ್ಳಬೇಕು. ಪ್ರತಿ ಮನೆಯ ಹೊರಗೋಡೆಗೆ ಒಂದು ಮುಚ್ಚಳ. ಸಿಪ್ಪೆ, ಮುಸುರೆ, ಹಳಸಿದ್ದು, ಉಳಿದದ್ದನ್ನೆಲ್ಲ ಅದರೊಳಗೆ ಸುರಿದರೆ ಕೊಳವೆಯಲ್ಲಿ ಜಾರಿ ಓಣಿಯ ತುದಿಯ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ತಿಂದು ಅನಿಲ ಮಾಡುತ್ತವೆ. ಅನಿಲದಿಂದ ಪಕ್ಕದ ಶೆಡ್ಡಿನ ಇಂಜಿನ್ನು ಓಡಿ ಮೂವತ್ತೆಂಟು ಮನೆಗಳಿಗೆ ದೀಪ, ಫ್ಯಾನು, ಮಿಕ್ಸಿ.

ಹಳ್ಳಿಯ ಗೋಬರ್ ಗ್ಯಾಸಿಗೆ ನಲವತ್ತು ದಿನ ಬೇಕಾದ ಕೆಲಸವನ್ನು ಈ ಜೀವಿಗಳು ಮೂರು ದಿನದಲ್ಲಿ ಮುಗಿಸುತ್ತವೆ. ಪ್ರಯೋಗಾಲಯದಲ್ಲಿ ಹಾಗೆಂದೇ ಬೆಳೆಸಿದ ತಳಿ. ಓಣಿಯವರು ಅವನ್ನು ಸುಮ್ಮನೆ ಹುಳ ಎನ್ನುತ್ತಾರೆ. ಅವಸರಕ್ಕೆ ಬೆಲೆಯನ್ನೂ ತೆರಬೇಕಿತ್ತು: ಅವು ಏನನ್ನೂ ತಾಳಿಕೊಳ್ಳುತ್ತಿರಲಿಲ್ಲ. ಒಂದು ಬಾಟಲಿ ಫಿನಾಯಿಲು ಸಾಕು, ಓಣಿ ಕತ್ತಲಾಗಲು.

ನಾನು ಓದಿದ್ದು ಸೂಕ್ಷ್ಮಜೀವಿ ಶಾಸ್ತ್ರ. ದಾವಣಗೆರೆಯ ಇನ್ನೂರ ಹನ್ನೊಂದು ಓಣಿಗಳ ತೊಟ್ಟಿಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೊಠಡಿಯಲ್ಲಿ ನನ್ನ ಕೆಲಸ. ಪ್ರತಿ ತೊಟ್ಟಿಗೂ ಪರದೆಯ ಮೇಲೆ ಒಂದು ಹಸಿರು ಗೆರೆ. ಯಾವ ಮನೆಯಿಂದ ಎಷ್ಟು ತೂಕದ ಕಸ ಬಂತೆಂದು ನಮಗೆ ಕಾಣುತ್ತದೆ, ಏನು ಬಂತೆಂದು ಕಾಣುವುದಿಲ್ಲ. ಕಸ ಮನೆಯ ಗುಟ್ಟು ಎಂದು ಕಾನೂನಿನಲ್ಲೇ ಬರೆದಿದೆ. ತೊಟ್ಟಿಗೆ ವಿಷ ಬಿದ್ದಾಗ ಮಾತ್ರ ಆ ಗುಟ್ಟನ್ನು ತೆರೆಯಬಹುದು. ತೆರೆದ ಮೇಲೆ ಪೂರ್ತಿ ತೆರೆದ ಹಾಗೆ. ಮನೆಯ ಸಂಖ್ಯೆ, ಯಜಮಾನನ ಹೆಸರು, ಹಾಕಿದ ವಸ್ತು, ಅದರ ಕಾರಣ, ಎಲ್ಲವನ್ನೂ ಓಣಿಯ ಬಾಯಲ್ಲಿರುವ ಕಪ್ಪು ಹಲಗೆಯ ಮೇಲೆ ಬರೆಯಬೇಕು. ಆ ಮನೆಯ ಮುಚ್ಚಳಕ್ಕೆ ಬೀಗ, ನಲವತ್ತು ದಿನ ಕತ್ತಲೆ.

ಆ ಮಂಗಳವಾರ ನಮ್ಮ ಓಣಿಯ ಗೆರೆ ಎರಡು ವಾರದಿಂದ ಇಳಿಯುತ್ತಿದ್ದದ್ದು ನೆಲ ಮುಟ್ಟಿತು. ನನ್ನ ಮೇಲಧಿಕಾರಿ ಇನಾಯತುಲ್ಲಾ ಸರ್ ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ನಿಮ್ಮದೇ ಓಣಿ ಅಲ್ವಾ ವೇಣಿ?"

"ಹೌದು ಸರ್."

"ಹಸಿವಿನಿಂದ ಸತ್ತಿಲ್ಲ. ತೂಕ ಸರಿಯಾಗಿ ಬಂದಿದೆ. ಯಾರೋ ದಿನಾ ಸ್ವಲ್ಪ ಸ್ವಲ್ಪ ಏನೋ ಹಾಕ್ತಿದ್ದಾರೆ. ಸೋಮವಾರದ ತನಕ ನೋಡೋಣ. ಅಷ್ಟರಲ್ಲಿ ಮನೆ ಗೊತ್ತಾಗದಿದ್ರೆ ಇಡೀ ತೊಟ್ಟಿಗೇ ಸೀಲು."

ನಾನು ಓಣಿಗೆ ಬರುವಷ್ಟರಲ್ಲಿ ತೊಟ್ಟಿಯ ಸುತ್ತ ಜನ ಸೇರಿದ್ದರು. ಓಣಿಯ ಮುಖಂಡ ಹಾಲೇಶಪ್ಪ ತೊಟ್ಟಿಯ ಬಾಯಿಗೆ ಕಟ್ಟಿದ್ದ ಸೋಸುವ ಬಟ್ಟೆಯನ್ನು ಬಿಚ್ಚಿ ಕೋಲಿನ ಮೇಲೆ ಎತ್ತಿ ಹಿಡಿದಿದ್ದ. ಮಾಸಲು ಕಂದು ಬಣ್ಣಕ್ಕಿರಬೇಕಾದ ಬಟ್ಟೆಯ ಅಂಚಿನ ತುಂಬ ಕಿತ್ತಳೆ ಬಣ್ಣದ ಕಲೆ.

"ನೋಡ್ರಪ್ಪ, ಇದಕ್ಕೆ ಪರೀಕ್ಷೆ ಬೇರೆ ಬೇಕಾ? ಈ ಬಣ್ಣದ ಕಸುಬು ಮಾಡೋರು ಓಣಿಗೆ ಒಬ್ರೇ ಇರೋದು."

ಎಲ್ಲರೂ ತುಳಸಾಬಾಯಿಯ ಮನೆಯತ್ತ ತಿರುಗಿದರು. ಗಂಡ ತೀರಿಕೊಂಡ ಮೇಲೆ ತುಳಸಕ್ಕ ಮನೆಯಲ್ಲೇ ಕುಂಕುಮ ಮಾಡುತ್ತಾಳೆ. ಅರಿಶಿನಕ್ಕೆ ಸುಣ್ಣ, ನಿಂಬೆರಸ ಹಾಕಿ ಕಲಸಿ, ಒಣಗಿಸಿ, ಯಂತ್ರದಲ್ಲಿ ಬೀಸಿ, ಜರಡಿ ಹಿಡಿದು ಅಂಗಡಿಗಳಿಗೆ ಕೊಡುತ್ತಾಳೆ. ಬಾಗಿಲಲ್ಲಿ ನಿಂತಿದ್ದ ಆಕೆಯ ಮೊಣಕೈತನಕ ಕೆಂಪು.

"ಹುಳಕ್ಕೆ ಅರಿಶಿನ ಆಗಲ್ಲ ಅಂತ ನನಗೂ ಗೊತ್ತು ಹಾಲೇಶಪ್ಪ. ಆರು ವರ್ಷದಿಂದ ಕೈ ತೊಳೆದ ನೀರು ಸೈತ ಬೇರೆ ಚೆಲ್ತೀನಿ."

"ಹಂಗಾದ್ರೆ ಇದು ಆಕಾಶದಿಂದ ಬಿತ್ತಾ?"

"ನಿನ್ನ ಪಂಚೆ ಬಣ್ಣ ಬಿಟ್ಟಿರಬೇಕು, ನೋಡ್ಕ."

ಕೆಲವರು ನಕ್ಕರು. ಹಾಲೇಶಪ್ಪ ನಗಲಿಲ್ಲ. "ಏನಮ್ಮಾ ವೇಣಿ, ನೀನು ಅಲ್ಲೇ ಕೆಲಸ ಮಾಡಾಕೆ. ಹೇಳು, ಅರಿಶಿನಕ್ಕೆ ಹುಳ ಸಾಯ್ತಾವಾ ಇಲ್ಲ?"

ಹೆಚ್ಚಾದರೆ ಸಾಯುತ್ತವೆ ಎಂದೆ. ಅದು ಸತ್ಯವೇ. ಆದರೆ ಸತ್ಯದ ಮುಂದೆ ಇನ್ನೊಂದು ಮಾತು ಸೇರಿಸಬೇಕಿತ್ತು, ಪರೀಕ್ಷೆ ಆಗುವವರೆಗೆ ತಡೆಯಿರಿ ಎಂದು. ಆ ಮಾತು ಬಾಯಿಗೆ ಬಂದು ಅಲ್ಲೇ ಕೂತಿತು. ಅಷ್ಟರಲ್ಲಿ ಹಾಲೇಶಪ್ಪ ತುಳಸಕ್ಕನ ಮುಚ್ಚಳಕ್ಕೆ ಬೀಗ ಹಾಕಿ ಆಕೆಯ ಮನೆಯ ಫ್ಯೂಜ್ ಕಿತ್ತು ಜೇಬಿಗಿಳಿಸಿದ. ನವರಾತ್ರಿಗೆ ಒಂಬತ್ತು ದಿನ ಉಳಿದಿತ್ತು. ಬೀಸುವ ಯಂತ್ರ ನಿಂತರೆ ಆಕೆಯ ವರ್ಷವೇ ನಿಂತಂತೆ.

ಮನೆಯಲ್ಲಿ ಅಪ್ಪ ಬಂದು ಕೂತಿದ್ದ. ಅಪ್ಪನ ಹೆಸರು ರುದ್ರಮುನಿ. ಇಪ್ಪತ್ತೆರಡು ವರ್ಷದಿಂದ ಒಂದೇ ಬೆಣ್ಣೆದೋಸೆ ಹೋಟೆಲಿನ ಕಾವಲಿಯ ಮುಂದೆ ನಿಂತವನು. ಬೆಳಗಿನ ಜಾವ ಹೋಗಿ ಮಧ್ಯಾಹ್ನ ಬರುತ್ತಾನೆ, ಬಂದು ರಾತ್ರಿಗೆ ಈರುಳ್ಳಿ ಹೆಚ್ಚಿಡುತ್ತಾನೆ. ಅವ್ವ ಇದ್ದಾಗ ನಮ್ಮಿಬ್ಬರ ಮಾತು ಆಕೆಯ ಮೂಲಕ ಹೋಗಿ ಬರುತ್ತಿತ್ತು. ಅಪ್ಪನಿಗೆ ಹೇಳು, ನಿನ್ನ ಮಗಳಿಗೆ ಹೇಳು. ಆಕೆ ಹೋಗಿ ನಾಲ್ಕು ವರ್ಷವಾದರೂ ಅಪ್ಪನೂ ನಾನೂ ಆ ನಡುವಿನ ಜಾಗವನ್ನು ಹಾಗೇ ಖಾಲಿ ಬಿಟ್ಟುಕೊಂಡಿದ್ದೇವೆ.

"ತುಳಸಕ್ಕನ ಮುಚ್ಚಳಕ್ಕೆ ಬೀಗ ಹಾಕಿದ್ರು," ಎಂದೆ.

ಅಪ್ಪನ ಚಾಕು ಒಂದು ಗಳಿಗೆ ನಿಂತು ಮತ್ತೆ ನಡೆಯಿತು. ಆಮೇಲೆ ಕೆಮ್ಮಿದ. ಮೂರು ತಿಂಗಳಿಂದ ಆ ಕೆಮ್ಮಿತ್ತು. ಕೇಳಿದರೆ ಕಾವಲಿಯ ಹೊಗೆ ಎನ್ನುತ್ತಿದ್ದ. ನಾನು ಎರಡನೆಯ ಸಲ ಕೇಳಿರಲಿಲ್ಲ.

ಬುಧವಾರ ಗೆರೆ ಏಳಲಿಲ್ಲ. ಗುರುವಾರವೂ ಇಲ್ಲ. ಹಳೆಯ ವಿಷ ಇನ್ನೂ ತೊಟ್ಟಿಯಲ್ಲಿರಬೇಕು ಎಂದು ಓಣಿಯವರು ಸಮಾಧಾನ ಮಾಡಿಕೊಂಡರು. ಶೆಡ್ಡಿನಲ್ಲಿ ಕೂಡಿಟ್ಟಿದ್ದ ಅನಿಲದಿಂದ ಸಂಜೆ ಎರಡು ತಾಸು ಮಾತ್ರ ದೀಪ. ಆ ಎರಡು ತಾಸಿನಲ್ಲಿ ಮನೆಮನೆಯಲ್ಲೂ ಜನ ಅವಸರವಾಗಿ ಉಂಡು, ಅವಸರವಾಗಿ ಜಗಳ ಮುಗಿಸಿ, ದೀಪ ಆರುವುದನ್ನೇ ಕಾಯುತ್ತ ಕೂರುತ್ತಿದ್ದರು.

ಗುರುವಾರ ನಾನು ಕೆಲಸಕ್ಕೆ ಹೊರಟಾಗ ತುಳಸಕ್ಕ ನನ್ನ ಗಾಡಿಗೆ ಅಡ್ಡ ನಿಂತಳು. ಒಂದು ಕೈಯಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಸೋಸುವ ಬಟ್ಟೆಯ ಹರಿದ ಅಂಚು.

"ಹಾಲೇಶಪ್ಪ ಬಿಸಾಕಿದ್ದು. ಎತ್ತಿಟ್ಕಂಡಿದ್ದೆ. ನೀನು ಓದಿದಾಕಿ, ನಾನು ಓದಿಲ್ಲ. ಆದ್ರೂ ನೋಡು."

ತನ್ನ ಸೆರಗಿನ ಮೇಲಿದ್ದ ಹಳದಿ ಕಲೆಗೆ ಬೆರಳಿನಿಂದ ಸುಣ್ಣ ತಾಗಿಸಿದಳು. ಕಲೆ ಆ ಕ್ಷಣವೇ ರಕ್ತದಂತೆ ಕೆಂಪಾಯಿತು.

"ಅರಿಶಿನ ಎಲ್ಲಿದ್ರೂ ಸುಣ್ಣಕ್ಕೆ ಹಿಂಗೆ ಆಗ್ಲೇಬೇಕು. ನನ್ನ ಕಸುಬೇ ಇದು. ಈಗ ಇದನ್ನ ನೋಡು."

ಬಟ್ಟೆಯ ಕಿತ್ತಳೆ ಕಲೆಯ ಮೇಲೆ ಸುಣ್ಣ ಹಚ್ಚಿದಳು. ಬೆರಳಿನಿಂದ ತಿಕ್ಕಿದಳು. ನಾವಿಬ್ಬರೂ ಬಾಗಿ ನೋಡಿದೆವು. ಕಲೆ ಕಿತ್ತಳೆಯಾಗಿಯೇ ಉಳಿಯಿತು.

"ಇದು ನಂದಲ್ಲ," ಎಂದಳು. "ಯಾರದು ಅಂತ ನಾನು ಕೇಳಲ್ಲ. ನಂದಲ್ಲ ಅಂತ ನೀನು ಹೇಳಿದ್ರೆ ಸಾಕು."

ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಬಟ್ಟೆಯನ್ನು ಮತ್ತೊಮ್ಮೆ ಹೊರಗೆ ತೆಗೆದೆ. ಆ ಬಣ್ಣವನ್ನು ನಾನು ಮೊದಲೇ ನೋಡಿದ್ದೆ. ಮೂರು ವಾರದ ಹಿಂದೆ, ಬಚ್ಚಲಿನ ಬಕೆಟ್ಟಿನಲ್ಲಿ ನೆನೆದಿದ್ದ ಅಪ್ಪನ ಬಿಳಿ ಬನಿಯನ್ನಿನ ಕಂಕುಳಲ್ಲಿ. ಹೋಟೆಲಿನ ಕೆಂಪು ಚಟ್ನಿ ಎಂದುಕೊಂಡು ಸೋಪು ಹಚ್ಚಿದ್ದೆ. ಹೋಗಿರಲಿಲ್ಲ. ಆಮೇಲೆ ಆ ಬನಿಯನ್ನೇ ಕಾಣಲಿಲ್ಲ.

ಶುಕ್ರವಾರ ಬೆಳಿಗ್ಗೆ ಮನೆಮನೆಯ ಮುಚ್ಚಳ ತೆರೆದು ಕಸದ ನೀರನ್ನು ಚಿಕ್ಕ ಸೀಸೆಗಳಲ್ಲಿ ಹಿಡಿದೆ. ಬೀಗ ಬಿದ್ದ ತುಳಸಕ್ಕನ ಮನೆಯದನ್ನು ಆಕೆಯ ಕಸದ ಬುಟ್ಟಿಯಿಂದಲೇ ಹಿಡಿದೆ. ಮೂವತ್ತೇಳು ಸೀಸೆ. ಮೂವತ್ತೆಂಟನೆಯದನ್ನು ಹಿಡಿಯುವಾಗ ಯಾರೂ ನೋಡುತ್ತಿಲ್ಲ ಎಂದು ಖಚಿತ ಮಾಡಿಕೊಂಡೆ. ಅದು ನನ್ನದೇ ಮನೆಯ ಮುಚ್ಚಳವಾದರೂ.

ಪರೀಕ್ಷೆ ಸುಲಭದ್ದು. ಗಾಜಿನ ತಟ್ಟೆಯಲ್ಲಿ ಹುಳಕ್ಕೆ ಬೇಕಾದ ಆಹಾರವನ್ನು ಗಂಜಿಯ ಹಾಗೆ ಹೆಪ್ಪುಗಟ್ಟಿಸಿ, ಅದರ ಮೇಲೆ ಹುಳ ಸವರಿ, ನಡುವೆ ಒಂದು ಹನಿ ಕಸದ ನೀರು ಬಿಡುವುದು. ಗಾಳಿಯಾಡದ ಪೆಟ್ಟಿಗೆಯಲ್ಲಿ ಒಂದು ದಿನ ಬೆಚ್ಚಗಿಟ್ಟರೆ ತಟ್ಟೆ ತುಂಬ ಹಾಲಿನ ಕೆನೆಯಂಥ ಪದರ ಬೆಳೆಯುತ್ತದೆ. ಹನಿಯಲ್ಲಿ ವಿಷವಿದ್ದರೆ ಅದರ ಸುತ್ತ ಏನೂ ಬೆಳೆಯುವುದಿಲ್ಲ.

ಶನಿವಾರ ಪೆಟ್ಟಿಗೆ ತೆರೆದಾಗ ಕೊಠಡಿಯಲ್ಲಿ ನಾನೊಬ್ಬಳೇ. ಒಂದೊಂದೇ ತಟ್ಟೆಯನ್ನು ದೀಪಕ್ಕೆ ಹಿಡಿದೆ. ಕೆನೆ, ಕೆನೆ, ಕೆನೆ. ತುಳಸಕ್ಕನ ಮನೆಯದು ಎಲ್ಲಕ್ಕಿಂತ ದಟ್ಟವಾಗಿತ್ತು. ನಮ್ಮ ಮನೆಯ ಸಂಖ್ಯೆ ಹದಿನೇಳನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದರ ನಡುವೆ ಪೂರ್ತಿ ಗುಂಡಗೆ, ಚಿಕ್ಕ ಹಪ್ಪಳದಷ್ಟು, ಏನೂ ಇರಲಿಲ್ಲ. ಗಾಜು, ಗಾಜಿನಾಚೆ ನನ್ನ ಬೆರಳು. ಒಬ್ಬರು ಮಾತು ನಿಲ್ಲಿಸಿದಾಗ ಸುತ್ತ ಹುಟ್ಟುತ್ತದಲ್ಲ, ಅಂಥ ಒಂದು ಬಯಲು.

ಇನಾಯತುಲ್ಲಾ ಸರ್ ಬಂದಾಗ ಆ ತಟ್ಟೆ ನನ್ನ ಚೀಲದಲ್ಲಿತ್ತು. ಮೇಜಿನ ಮೇಲಿದ್ದ ಕಿತ್ತಳೆ ಬಟ್ಟೆಯನ್ನು ಅವರು ಎತ್ತಿ ನೋಡಿದರು.

"ಈ ಬಣ್ಣ ನನಗೆ ಗೊತ್ತು. ನನ್ನ ತಮ್ಮನಿಗೆ ಕ್ಷಯ ಆಗಿತ್ತು. ಆ ಗುಳಿಗೆ ತಗೊಂಡಾಗ ತಲೆದಿಂಬು ಸಹ ಹೀಗೇ ಆಗ್ತಿತ್ತು." ಬಟ್ಟೆಯನ್ನು ಕೆಳಗಿಟ್ಟರು. "ಯಾರೋ ಗುಳಿಗೆಗಳನ್ನ ನುಂಗದೆ ಕಸಕ್ಕೆ ಹಾಕ್ತಿದ್ದಾರೆ. ನಮ್ಮ ಹುಳ ಸಾಯೋದು ದೊಡ್ಡದಲ್ಲ ವೇಣಿ. ಆ ಮದ್ದನ್ನ ಅರ್ಧಕ್ಕೆ ಬಿಟ್ರೆ ರೋಗ ಮದ್ದನ್ನೇ ಕಲಿತುಬಿಡುತ್ತೆ. ಆಮೇಲೆ ಆ ಮನುಷ್ಯನಿಗೆ ಏನು ಕೊಟ್ರೂ ನಾಟೋದಿಲ್ಲ. ತಟ್ಟೆಗಳು ಏನು ಹೇಳ್ತಾವೆ?"

"ಒಂದು ಇನ್ನೂ ನೋಡಬೇಕು ಸರ್."

"ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಸಹಿ ಹಾಕಬೇಕು," ಎಂದಷ್ಟೇ ಹೇಳಿ ಹೋದರು.

ಸಂಜೆ ದೀಪ ಬರುವ ಎರಡು ತಾಸು. ಅಪ್ಪನ ಊಟದ ತಟ್ಟೆಯ ಪಕ್ಕ ಗಾಜಿನ ತಟ್ಟೆಯನ್ನು ಇಟ್ಟೆ.

"ಏನಿದು?"

"ನಮ್ಮ ಕಸದ ನೀರು ಬಿಟ್ಟಿದ್ದು."

ಅಪ್ಪ ಬಾಗಿ ನೋಡಿದ. "ನಡುವೆ ಏನೂ ಇಲ್ಲಲ್ಲ."

"ಇಲ್ಲ. ಅಲ್ಲಿ ಸತ್ತಾವೆ."

ರೊಟ್ಟಿ ಮುರಿದ. ಬಾಯಿಗಿಡಲಿಲ್ಲ. ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗಿತು.

"ಗುಳಿಗೆ ಬಿಟ್ಟು ಎಷ್ಟು ದಿನ ಆಯ್ತಪ್ಪ?"

ಅವನು ಸುಳ್ಳು ಹೇಳಬಹುದೆಂದು ಕಾದೆ. ಹೇಳಿದ್ದರೆ ನಂಬುವುದಕ್ಕೂ ಸಿದ್ಧಳಿದ್ದೆನೇನೋ.

"ಎಂಟು ದಿನ ತಗಂಡೆ. ಆಮೇಲೆ ಬೆವರು ಹಂಗಾತು. ಕಾವಲಿ ಮುಂದೆ ನಿಂತ್ರೆ ಬನಿಯನ್ನೆಲ್ಲ ಬಣ್ಣ. ಆ ಸಿದ್ದಲಿಂಗ ಇಲ್ವಾ, ಹಿಟ್ಟು ರುಬ್ಬೋನು, ಅವ ನಕ್ಕ. 'ಏನ್ ರುದ್ರಣ್ಣ, ದೋಸೆ ಬಿಟ್ಟು ಮೈಗೇ ಚಟ್ನಿ ಹಚ್ಕಂಡೀಯಲ್ಲ' ಅಂದ. ಮಾಲಕ ನಗಲಿಲ್ಲ. ನೋಡಿದ. ಅವ ನೋಡಿದ್ದು ನನಗೆ ಸಾಕಾಗಿತ್ತು."

"ಆಸ್ಪತ್ರೆಯವರು ಬರ್ತಾರಂತಲ್ಲ ನೋಡಾಕೆ."

"ಒಂದು ಹುಡುಗಿ ಬರ್ತಾಳೆ, ನೀನು ಕೆಲಸಕ್ಕೆ ಹೋದಾಗ. ಗುಳಿಗೆಯ ಖಾಲಿ ಪಟ್ಟಿ ಎಣಿಸ್ತಾಳೆ. ಅದಕ್ಕೇ ದಿನಾ ಬಿಚ್ಚಿ ಈರುಳ್ಳಿ ಸಿಪ್ಪೆಯಾಗೆ ಹಾಕ್ತಿದ್ದೆ." ಅಪ್ಪ ಗಾಜಿನ ತಟ್ಟೆಯನ್ನು ಬೆರಳಿನಿಂದ ಒಂದಿಷ್ಟು ದೂರ ಸರಿಸಿದ. "ಹುಳ ಸಾಯ್ತಾವೆ ಅಂತ ನನಗೆ ಹೊಳೀಲಿಲ್ಲ ವೇಣಿ. ಮನುಷ್ಯನಿಗೆ ಮದ್ದು ಅಂದ್ರೆ ಅವಕ್ಕೂ ಒಳ್ಳೇದೇ ಅಂದ್ಕಂಡಿದ್ದೆ."

ನಾನು ಗಾಜಿನ ತಟ್ಟೆಯನ್ನು ಎತ್ತಿ ಚೀಲಕ್ಕೆ ಹಾಕಿದೆ.

"ಬೈಯೋದಿದ್ರೆ ಬೈಯಿ," ಎಂದ.

"ನಂಗೆ ಬರಲ್ಲ. ಅದಕ್ಕೆ ಅವ್ವ ಇರಬೇಕಿತ್ತು."

ಅಪ್ಪ ನಗಲು ಹೋಗಿ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. ನೀರು ಕೊಟ್ಟೆ. ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, "ಡಾಕ್ಟ್ರು ಮೊದಲೇ ಹೇಳಿದ್ರು," ಎಂದ. "ಬೆವರು, ಉಗುಳು, ಎಲ್ಲ ಹಿಂಗೇ ಬರ್ತೈತೆ, ಕಣ್ಣೀರು ಸೈತ. ಹೆದರಬ್ಯಾಡ ಅಂದ್ರು. ಕಣ್ಣೀರಿನದು ಬಿಡ್ರಿ ಸಾರ್, ನಾನೆಲ್ಲಿ ಅಳ್ತೀನಿ ಅಂದಿದ್ದೆ."

ನನ್ನ ಚೀಲದಲ್ಲಿ ವರದಿಯ ಹಾಳೆಯಿತ್ತು. ಮನೆಯ ಸಂಖ್ಯೆಯ ಜಾಗ ಖಾಲಿ. ಅಪ್ಪನ ಕಣ್ಣು ಚೀಲದ ಕಡೆ ಹೋಯಿತು.

"ಬರೀತೀಯಾ?"

"ಗೊತ್ತಿಲ್ಲ."

"ಬರೆದ್ರೆ ಸೋಮವಾರ ಮಧ್ಯಾಹ್ನಕ್ಕೆ ಹೋಟೆಲ್ನೋರಿಗೆ ಗೊತ್ತಾಗ್ತೈತೆ."

"ಹೌದು."

"ಬರೀದಿದ್ರೆ ತುಳಸಕ್ಕಂದು."

ದೀಪ ಹೋಯಿತು. ಇಬ್ಬರೂ ಎದ್ದು ಮೇಣದಬತ್ತಿ ಹುಡುಕಲಿಲ್ಲ. ಕತ್ತಲಲ್ಲಿ ಅಪ್ಪನ ಉಸಿರು ಕೇಳುತ್ತಿತ್ತು, ಒಳಗೆ ಸಣ್ಣ ಸೀಟಿಯಿದ್ದ ಹಾಗೆ. ಎಷ್ಟು ತಿಂಗಳಿಂದ ಅದು ಈ ಮನೆಯಲ್ಲಿತ್ತೋ. ನಾನು ಇನ್ನೂರ ಹನ್ನೊಂದು ತೊಟ್ಟಿಗಳ ಸದ್ದನ್ನು ಗಮನಿಸುವ ಕೆಲಸದವಳು.

ಭಾನುವಾರ ಬೆಳಿಗ್ಗೆ ಹಾಲೇಶಪ್ಪ ಎಲ್ಲರನ್ನೂ ತೊಟ್ಟಿಯ ಬಳಿ ಕರೆದ. ತುಳಸಕ್ಕ ಓಣಿ ಬಿಟ್ಟು ಬೇರೆ ಕಡೆ ಕಸುಬು ಮಾಡಿಕೊಳ್ಳಲಿ ಎಂಬುದು ಮಾತಿನ ಸಾರ. ಆಕೆ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಚೀಲದ ಹಿಡಿಯನ್ನು ಹಿಡಿದಿದ್ದೆ. ಹೇಳುತ್ತೇನೆ, ಈ ಮಾತು ಮುಗಿದ ಕೂಡಲೇ ಹೇಳುತ್ತೇನೆ ಎಂದು ನನಗೇ ಹೇಳಿಕೊಂಡೆ. ಆ ಮಾತು ಮುಗಿದು ಇನ್ನೊಂದು ಶುರುವಾಯಿತು.

ಆಗ ಅಪ್ಪ ಬಂದ. ಅಂಗಿ ಹಾಕಿರಲಿಲ್ಲ. ಮೈಮೇಲೆ ಆ ಬನಿಯನ್ನು. ಎಲ್ಲಿ ಬಚ್ಚಿಟ್ಟಿದ್ದನೋ, ಮಡಿಕೆಯ ಗೆರೆಗಳು ಹಾಗೇ ಇದ್ದವು. ಕಂಕುಳಲ್ಲಿ, ಕೊರಳಲ್ಲಿ, ಬೆನ್ನಿನ ನಡುವೆ ಕಿತ್ತಳೆ. ಅವನು ಯಾರನ್ನೂ ನೋಡದೆ ಹಾಲೇಶಪ್ಪನ ಮುಂದೆ ಕೈ ಚಾಚಿದ. ಹಾಲೇಶಪ್ಪನಿಗೆ ಏನು ಹೊಳೆಯಿತೋ, ಬೀಗದ ಕೈ ಕೊಟ್ಟ. ಅಪ್ಪ ತುಳಸಕ್ಕನ ಮುಚ್ಚಳದ ಬೀಗ ತೆಗೆದು, ಓಣಿ ದಾಟಿ, ಹದಿನೇಳನೆಯ ಮುಚ್ಚಳಕ್ಕೆ ಹಾಕಿ, ಎಳೆದು ನೋಡಿದ.

"ಏನಿದು ರುದ್ರಮುನಿ?"

"ಬಣ್ಣ ಆಕೇದಲ್ಲ," ಎಂದ ಅಪ್ಪ. "ನಂದು. ಕ್ಷಯದ ಗುಳಿಗೆ."

ಮುಂದೆ ನಿಂತಿದ್ದ ಒಬ್ಬಾಕೆ ತನ್ನ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಇನ್ನಿಬ್ಬರು ಸೆರಗನ್ನು ಬಾಯಿಗೆ ತಂದರು. ಅಪ್ಪನೇ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ, ಅವರಿಗೆ ಸುಲಭವಾಗಲೆಂಬಂತೆ. ನಾನು ಚೀಲದಿಂದ ಹಾಳೆ ತೆಗೆದು, ಹಾಲೇಶಪ್ಪನ ಪೆನ್ನು ಕೇಳಿ, ಎಲ್ಲರೆದುರು ಖಾಲಿ ಜಾಗದಲ್ಲಿ ಹದಿನೇಳು ಎಂದು ಬರೆದೆ.

ಸೋಮವಾರ ತುಳಸಕ್ಕನ ಫ್ಯೂಜ್ ವಾಪಸು ಬಂತು, ಹಲಗೆಯ ಮೇಲೆ ಅಪ್ಪನ ಹೆಸರು ಬಂತು. ಮಂಗಳವಾರ ನಾನು ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಏನೋ ಇತ್ತು. ದೋಸೆ ಮಗುಚುವ ಅಪ್ಪನ ಸಟ್ಟುಗ. ಇಪ್ಪತ್ತೆರಡು ವರ್ಷಕ್ಕೆ ಹಿಡಿ ಸವೆದು ಅವನ ಬೆರಳುಗಳ ಆಕಾರಕ್ಕೆ ಬಂದಿತ್ತು. ತಂದವರು ಬಾಗಿಲು ಬಡಿದಿರಲಿಲ್ಲ. ಅಪ್ಪ ಅದನ್ನು ತೊಳೆದು ಗೂಡಿನಲ್ಲಿಟ್ಟ.

ತೊಟ್ಟಿಯನ್ನು ಉಳಿಸಲು ಪಕ್ಕದ ಓಣಿಯಿಂದ ಎರಡು ಕೊಡ ಜೀವಂತ ಹುಳ ತಂದು ಬಿಟ್ಟೆವು. ಆದರೆ ಒಳಗೆ ಹುಳಿ ಏರಿತ್ತು. ಹುಳಿ ಮುರಿಯಲು ಸುಣ್ಣ ಬೇಕು, ಕಲ್ಲುಮಣ್ಣಿಲ್ಲದ ಶುದ್ಧ ಸುಣ್ಣ. ಅದು ಯಾರ ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಕೇಳಲು ಯಾರೂ ಹೋಗಲಿಲ್ಲ. ನಾನು ಹೋದೆ.

"ನನ್ನ ಮನೇದು ಏನೂ ತೊಟ್ಟಿಗೆ ಬೀಳಬಾರ್ದು ಅಂದಿದ್ರಲ್ಲ," ಎಂದಳು ತುಳಸಕ್ಕ, ಜರಡಿ ಆಡಿಸುತ್ತಲೇ. ಹಬ್ಬಕ್ಕೆ ಎರಡೇ ದಿನವಿತ್ತು.

"ಅವತ್ತು ನಾನು ಇನ್ನೊಂದು ಮಾತು ಹೇಳಬೇಕಿತ್ತು ತುಳಸಕ್ಕ. ಹೇಳಲಿಲ್ಲ."

"ಹೌದು, ಹೇಳಲಿಲ್ಲ." ಆಕೆ ಅದನ್ನು ತೇಲಿಸಿ ಬಿಡಲಿಲ್ಲ. ಜರಡಿ ಕೆಳಗಿಟ್ಟು ಒಳಗೆ ಹೋಗಿ ಸುಣ್ಣದ ತಿಳಿಯಿದ್ದ ಎರಡು ಬಿಂದಿಗೆ ತಂದಳು. ಸಂಜೆ ನಮ್ಮ ಮನೆಯ ಮುಂದೆ ನಿಂತು ಕಿಟಕಿಯೊಳಗೆ ಕೂಗಿದಳು, "ರುದ್ರಣ್ಣ, ನನ್ನ ಕುಂಕುಮ ಎರಡು ಒಗೆತಕ್ಕೆ ಹೋಗ್ತೈತೆ. ನಿಂದೇ ಗಟ್ಟಿ ಬಣ್ಣ." ಕಟ್ಟೆಯ ಮೇಲೆ ಒಂದು ಹಣತೆ, ಎಣ್ಣೆಯ ಬಾಟಲಿ ಇಟ್ಟು ಹೋದಳು.

ಸುಣ್ಣ ಬಿಟ್ಟ ಎಂಟನೆಯ ದಿನ ತೊಟ್ಟಿಯಲ್ಲಿ ಒಂದೊಂದೇ ಗುಳ್ಳೆ ಒಡೆಯತೊಡಗಿತು. ಮೂವತ್ತೇಳು ಮನೆಗಳಿಗೆ ದೀಪ ಬಂತು.

ಆಸ್ಪತ್ರೆಯಲ್ಲಿ ಅಪ್ಪನ ಕಫ ಪರೀಕ್ಷಿಸಿ, ರೋಗ ಇನ್ನೂ ಮದ್ದನ್ನು ಕಲಿತಿಲ್ಲ, ಮೊದಲಿನಿಂದ ಶುರು ಮಾಡಿ ಎಂದರು. ನನ್ನನ್ನೂ ಪರೀಕ್ಷಿಸಿದರು. ನನಗೇನೂ ಇರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಗುಳಿಗೆ ತೆಗೆದುಕೊಳ್ಳುತ್ತಿದ್ದ. ಹೊರಗೆ ಬಂದರೆ ಪಟ್ಟಿಯಲ್ಲಿ ಹೊಸ ಖಾಲಿ ಗುಳಿಗಳು. ಆದರೆ ಖಾಲಿ ಪಟ್ಟಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಈಗ ನನಗೆ ಗೊತ್ತಿತ್ತು. ಮುಚ್ಚಳಕ್ಕೆ ಬೀಗವಿದ್ದುದರಿಂದ ನಮ್ಮ ಕಸ ಪಾಲಿಕೆಯ ಗಾಡಿಗೆ ಹೋಗುತ್ತಿತ್ತು, ಅದರ ಹನಿಯೂ ನನಗೆ ಸಿಗುತ್ತಿರಲಿಲ್ಲ. ಅಪ್ಪ ಕಾವಲಿಯ ಮುಂದೆ ನಿಲ್ಲುತ್ತಿರಲಿಲ್ಲ. ದೀಪಾವಳಿ ಹತ್ತಿರವಾಗಿ ಚಳಿ ಬಿದ್ದಿತ್ತು, ಬೆವರೂ ಇಲ್ಲ. ನನ್ನೆದುರು ನುಂಗು ಎಂದು ಕೇಳಬಹುದಿತ್ತು. ಎಷ್ಟೋ ಸಲ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ಕೇಳಿದರೆ ನುಂಗಿಯಾನು. ಆದರೆ ಕೆಲಸ, ಹೆಸರು ಎರಡೂ ಹೋದ ಮನುಷ್ಯನ ಬಾಯನ್ನು ತೆರೆಸಿ ನೋಡುವ ಮಗಳು ನಾನಾಗಬೇಕಾಗುತ್ತಿತ್ತು.

ನಿಯಂತ್ರಣ ಕೊಠಡಿಯ ಪರದೆಯಲ್ಲಿ ನಮ್ಮ ಓಣಿಯ ಗೆರೆ ಹಸಿರಾಗಿ ನೆಟ್ಟಗೆ ಓಡುತ್ತಿತ್ತು. ಹದಿನೇಳರ ಮುಂದೆ ಮಾತ್ರ ಸೊನ್ನೆ. ಇನಾಯತುಲ್ಲಾ ಸರ್ ಒಮ್ಮೆ, "ಅಪ್ಪ ತಗೋತಿದ್ದಾರಾ?" ಎಂದು ಕೇಳಿದರು.

"ಗೊತ್ತಿಲ್ಲ ಸರ್," ಎಂದೆ.

ನಮ್ಮ ಮುಚ್ಚಳಕ್ಕೆ ಬೀಗ ಬಿದ್ದ ಮೂವತ್ತೊಂದನೆಯ ದಿನ ಸ್ವಲ್ಪ ಬೇಗ ಮನೆಗೆ ಬಂದೆ. ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು. ಅಪ್ಪ ಬಾಗಿಲ ಬೆಳಕಿಗೆ ಮಣೆ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿದ್ದ. ಸಂಜೆಯ ಮಂಡಕ್ಕಿಗೆ ಇಷ್ಟು ಸಾಕು ಎನ್ನುವುದನ್ನು ದಾಟಿ ಹೆಚ್ಚುತ್ತಲೇ ಇದ್ದ. ಹೋಟೆಲಿನ ಲೆಕ್ಕದಲ್ಲಿ, ಒಂದು ಬುಟ್ಟಿ. ಪಕ್ಕದಲ್ಲಿ ಗೂಡಿನಿಂದ ಇಳಿಸಿದ ಸಟ್ಟುಗ. ನನ್ನನ್ನು ನೋಡಿ ಹೆಗಲ ಮೇಲಿದ್ದ ಬಿಳಿ ಟವೆಲ್ಲಿನಿಂದ ಎರಡೂ ಕಣ್ಣು ಒತ್ತಿಕೊಂಡ. ಟವೆಲ್ಲನ್ನು ಮಡಿಲಿಗೆ ಹಾಕಿಕೊಂಡ.

ಅದರ ಮೇಲೆ ಎರಡು ಕಲೆಗಳಿದ್ದವು. ತೊಗರಿಬೇಳೆಗಿಂತ ಒಂದಿಷ್ಟು ದೊಡ್ಡವು, ಹಸಿ, ಕಿತ್ತಳೆ.

ನಾನು ಚಪ್ಪಲಿ ಬಿಟ್ಟು ಅಲ್ಲೇ ನಿಂತೆ. ಓಣಿಯ ತುದಿಯಿಂದ ತೊಟ್ಟಿಯ ಗುಳುಗುಳು ಕೇಳುತ್ತಿತ್ತು.

"ಈರುಳ್ಳಿ ಖಾರ ಐತೆ," ಎಂದ ಅಪ್ಪ.

"ಹ್ಞೂಂ," ಎಂದೆ. ಇನ್ನೊಂದು ಚಾಕು ತಂದು ಅವನ ಎದುರು ಕೂತೆ.